ಮೇಷ್ಟ್ರ ಕೈಗುಣ ಮತ್ತು ನನ್ನ ಒಂದು ಸಾಲು

ನನಗೆ ಮೂಗಿನ ತುದಿಯಲ್ಲೇ ಕೋಪ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ನನಗೆ 'ಹಸಿಮೆಣಸಿನಕಾಯಿ' ಅಂತ ಅಡ್ಡಹೆಸರೇ ಇತ್ತು. ಕೋಪದಲ್ಲಿ ನಾನು ಆಡಿದ ಮಾತುಗಳಲ್ಲಿ ಮುಕ್ಕಾಲು ಪಾಲು ನನಗೇ ಮರೆತುಹೋಗಿವೆ. ಅನ್ನಿಸಿಕೊಂಡವರೂ ಮರೆತಿರಬೇಕು, ಏಕೆಂದರೆ ಮಾರನೆಯ ದಿನ ಅವರೇ ಬಂದು ನಮ್ಮ ಮನೆಯ ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಒಂದು ಮಾತು ಮಾತ್ರ ಹಾಗೆ ಹೋಗಲಿಲ್ಲ. ಅದನ್ನು ನಾನು ಆಡಿದ್ದು ನನ್ನ ಅಪ್ಪನ ವಯಸ್ಸಿನ ಒಬ್ಬ ಮೇಷ್ಟ್ರಿಗೆ, ಅವರು ಹೇಳಿದ್ದು ಸರಿಯಿದ್ದಾಗ, ನಾನು ಬರೆದದ್ದು ತಪ್ಪಿದ್ದಾಗ.

ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ಮಗ್ಗದ ಸದ್ದು ನಿಲ್ಲುತ್ತಲೇ ಇರಲಿಲ್ಲ. ಶಾಲೆಯಿಂದ ಬಂದವಳೇ ನಾನು ಅಪ್ಪನ ಪಕ್ಕ ಕೂತು ಎಲ್ಲಾದರೂ ಎಳೆ ಕಡಿದಿದ್ದರೆ ತೋರಿಸಬೇಕಿತ್ತು. ನನ್ನ ಕಣ್ಣು ಚುರುಕು. ಒಂದು ದಿನ ಕಡಿದ ಎಳೆಯನ್ನು ಕಂಡೂ ಕುಂಟೆಬಿಲ್ಲೆಯ ಆತುರಕ್ಕೆ ಸುಮ್ಮನಿದ್ದುಬಿಟ್ಟೆ. ಗೇಣುದ್ದ ನೇಯ್ದ ಮೇಲೆ ಅಪ್ಪನಿಗೆ ಗೊತ್ತಾಯಿತು. ಹೊಡೆಯಲಿಲ್ಲ, ಬೈಯಲಿಲ್ಲ. ನೇಯ್ದದ್ದನ್ನು ನಿಧಾನವಾಗಿ ಬಿಚ್ಚುತ್ತಾ ಹೇಳಿದರು: "ಕಡಿದಾಗ್ಲೇ ಯೋಳಿದ್ರೆ ಒಂದು ಗಂಟು. ಗೇಣು ಓದ್ಮೇಲೆ ಯೋಳಿದ್ರೆ ಅರ್ಧ ದಿನದ ಕೆಲ್ಸ. ಸೀರೆ ಮಡ್ಸಿ ಅಂಗ್ಡೀಗೆ ಓದ್ಮೇಲೆ ಯೋಳಿದ್ರೆ ಮಾನಾನೇ ಓಯ್ತದೆ. ಎಳೆ ಮಾತ್ರ ಅದೇ ಒಂದೆಳೆ ಕಣವ್ವ."

ಆ ಮಾತನ್ನು ನಾನು ಮುಂದೆ ನೂರಾರು ಜನಕ್ಕೆ ಹೇಳಿದ್ದೇನೆ. ಮೈಸೂರಿನಲ್ಲಿ ಕಂಪ್ಯೂಟರ್ ಕಲಿತು ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಅಂಗಡಿಯ ಮಹಡಿಯ ಮೇಲೆ ಕ್ಲಾಸು ಶುರುಮಾಡಿದೆ. ಆಗ ಕಂಪ್ಯೂಟರ್ ಇರುವ ಕೋಣೆ ದೇವರ ಮನೆ ಇದ್ದ ಹಾಗೆ, ಬಾಗಿಲಲ್ಲೇ ಚಪ್ಪಲಿ ಬಿಡಬೇಕು. "ಪ್ರೋಗ್ರಾಮಿನಲ್ಲಿ ತಪ್ಪು ಕಂಡ ದಿನವೇ ತಿದ್ದಿ. ತಡಮಾಡಿದಷ್ಟೂ ದುಬಾರಿ," ಅಂತ ಪಾಠ ಹೇಳಿ, ಅಪ್ಪನ ಮಗ್ಗದ ಕತೆಯನ್ನು ಒಗ್ಗರಣೆ ಹಾಕುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದು ನಾನೇ.

ಯಳಂದೂರು ರಸ್ತೆಯಲ್ಲಿ ಒಬ್ಬ ಯಜಮಾನರ ಚಾಕಿ ಕೇಂದ್ರವಿತ್ತು. ಚಾಕಿ ಎಂದರೆ ರೇಷ್ಮೆ ಹುಳದ ಎಳೆತನ. ಮೊಟ್ಟೆಯಿಂದ ಬಂದ ಹುಳ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು, ಅದನ್ನು ರೈತರು ಮನೆಯಲ್ಲಿ ಸಾಕುವುದು ಕಷ್ಟ. ಹಾಗಾಗಿ ಕೇಂದ್ರದವರೇ ಎಳೆ ಸೊಪ್ಪು ಹಾಕಿ ಏಳೆಂಟು ದಿನ ಸಾಕಿ, ಎರಡನೇ ಜ್ವರಕ್ಕೆ ಬಂದಾಗ ತಟ್ಟೆಗಳಲ್ಲಿ ರೈತರಿಗೆ ಕೊಡುತ್ತಾರೆ. ಜ್ವರ ಅಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳ ಸೊಪ್ಪು ಮುಟ್ಟದೆ ಒಂದು ದಿನ ಅಲುಗಾಡದೆ ಇರುತ್ತದಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುವುದು. ಹುಳವನ್ನು ಸಾಗಿಸಬೇಕಾದ್ದು ಆಗಲೇ. ರೈತರ ಮನೆಯಲ್ಲಿ ಜ್ವರ ಬಿಟ್ಟು ಎದ್ದ ಕೂಡಲೇ ಅದಕ್ಕೆ ಸೊಪ್ಪು ಸಿಗಬೇಕು. ಕೇಂದ್ರದಲ್ಲೇ ಎದ್ದು, ಒಂದು ದಿನ ಹಸಿದು, ಆಮೇಲೆ ವ್ಯಾನಿನಲ್ಲಿ ಕುಲುಕಿಕೊಂಡು ಹೋದ ಹುಳ ಮುಂದೆ ಎಷ್ಟು ತಿಂದರೂ ಗಟ್ಟಿ ಗೂಡು ಕಟ್ಟುವುದಿಲ್ಲ.

ಯಾವ ತಂಡದ ಮೊಟ್ಟೆ ಯಾವತ್ತು ಒಡೆಸಬೇಕು, ಯಾವ ಊರಿಗೆ ಯಾವತ್ತು ಹುಳ ಹೋಗಬೇಕು ಎಂಬುದನ್ನೆಲ್ಲ ಒಬ್ಬ ಮೇಷ್ಟ್ರು ನೋಡಿಕೊಳ್ಳುತ್ತಿದ್ದರು. ಹೊನ್ನೂರಿನವರು, ಪ್ರೈಮರಿ ಶಾಲೆಯಿಂದ ರಿಟೈರಾದವರು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಎಲ್ಲವನ್ನೂ ಬರೆದು, ರೈತರಿಗೆ ದಿನ ಬರೆದ ಚೀಟಿ ಕೊಡುತ್ತಿದ್ದರು. ಅದಕ್ಕೇ ಹನೂರಿನ ಆಚೆಗಿನ ಹಳ್ಳಿಗಳಲ್ಲೂ ಅವರು 'ಚೀಟಿ ಮೇಷ್ಟ್ರು'. ಆದರೆ ಅವರ ನಿಜವಾದ ಕೀರ್ತಿ ಚೀಟಿಯದಲ್ಲ, ಕೈಗುಣದ್ದು. ಅವರ ಕೈಯಿಂದ ಮೊದಲ ತಟ್ಟೆ ಇಸಕೊಂಡರೆ ಬೆಳೆ ಬಂದೇ ಬರುತ್ತದೆ ಎಂದು ರೈತರು ನಂಬಿದ್ದರು. ಅವರು ಬೇರೆ ಕೆಲಸದಲ್ಲಿದ್ದರೆ ಅರ್ಧ ಗಂಟೆಯಾದರೂ ಸರಿ, ಕಾದು ನಿಂತು ಅವರಿಂದಲೇ ತಕೊಂಡು ಹೋಗುತ್ತಿದ್ದರು. ಊರಿನಲ್ಲಿ ಯಾರಾದರೂ ಹೊಸದಾಗಿ ಹಿಪ್ಪುನೇರಳೆ ಹಾಕಿದರೆ ಮೊದಲ ಕಡ್ಡಿ ಮೇಷ್ಟ್ರೇ ನೆಡಬೇಕು. ಭತ್ತದ ಒಟ್ಲಿಗೆ, ಅಂದರೆ ಸಸಿಮಡಿಗೆ, ಮೊದಲ ಹಿಡಿ ಬೀಜ ಮೇಷ್ಟ್ರದೇ. ಅವರಿಗೆ ಹೊಲವಿರಲಿಲ್ಲ, ಮಕ್ಕಳಿರಲಿಲ್ಲ. ಆ ಬಲಗೈಯ ಹೆಸರೇ ಅವರ ಆಸ್ತಿ.

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವಂತೆ ಎಂದು ಜನ ಮಾತಾಡುತ್ತಿದ್ದ ಕಾಲ. ಅದಕ್ಕೆ ಒಂದು ವರ್ಷ ಮುಂಚೆ ಯಜಮಾನರು ಕೇಂದ್ರಕ್ಕೆ ಕಂಪ್ಯೂಟರ್ ತಂದರು. ಪ್ರೋಗ್ರಾಮ್ ಬರೆಯುವ ಕೆಲಸ ನನಗೆ ಬಂತು. ಸುತ್ತಮುತ್ತ ಯಾವ ಚಾಕಿ ಕೇಂದ್ರದಲ್ಲೂ ಅಂಥದ್ದಿರಲಿಲ್ಲ. ನನಗೆ ಕೋಡು ಮೂಡಿತ್ತು ಅಂದರೆ ತಪ್ಪಲ್ಲ. ಕೆಲಸದ ಹೆಂಗಸರು ನನ್ನನ್ನು 'ಕಂಪ್ಯೂಟರಮ್ಮ' ಅನ್ನುತ್ತಿದ್ದರು, ನಾನು ಬೇಡ ಅನ್ನುತ್ತಿರಲಿಲ್ಲ.

ಮೇಷ್ಟ್ರ ಪಕ್ಕ ಕೂತು ಅವರ ಕೆಲಸದ ಕ್ರಮ ಕೇಳಿಕೊಂಡೆ. ಅವರ ಮಾತು ನಿಧಾನ. ಪ್ರತಿಯೊಂದಕ್ಕೂ ಯಾವುದೋ ಊರಿನ ಯಾವುದೋ ವರ್ಷದ ಕತೆ ಬೇಕು. ನನಗೋ ಕ್ಲಾಸಿಗೆ ಹೊತ್ತಾಗುತ್ತಿತ್ತು. ನಮ್ಮ ಕಡೆ ಮಂಗಳವಾರ ಯಾರೂ ಹುಳವನ್ನು ಮನೆ ತುಂಬಿಸಿಕೊಳ್ಳುವುದಿಲ್ಲ. ಅದು ನನಗೂ ಗೊತ್ತಿತ್ತು.

"ಸಾಗಿಸೋ ದಿನ ಮಂಗಳವಾರ ಬಂದ್ರೆ ಏನು ಮಾಡ್ತೀರಿ ಮೇಷ್ಟ್ರೇ?" ಅಂತ ಕೇಳಿದೆ.

"ಬುಧವಾರಕ್ಕೆ ಆಕ್ತೀನಿ ಕಣವ್ವ. ಅದ್ಕ ಮೊದ್ಲೇ ಮೊಟ್ಟೇನ..."

"ಸರಿ ಸರಿ, ಬುಧವಾರ," ಅಂದೆ.

ಅವರು ಇನ್ನೇನೋ ಹೇಳಲು ಬೆರಳೆತ್ತಿದ್ದರು. ನಾನು ಆಗಲೇ ಮುಂದಿನ ಪ್ರಶ್ನೆಗೆ ಹೋಗಿದ್ದೆ. ಅವರು ಬೆರಳು ಇಳಿಸಿದರು. ಆ ಬೆರಳು ನನಗೆ ಈಗಲೂ ಕಾಣುತ್ತದೆ.

ಹೊಸ ವರ್ಷ ಬಂತು. ನನ್ನ ಪ್ರೋಗ್ರಾಮ್ ನಿಲ್ಲಲಿಲ್ಲ. ಇಸವಿಗೆ ಎರಡರ ಬದಲು ನಾಲ್ಕು ಅಂಕಿ ಇಟ್ಟಿದ್ದೆನಲ್ಲ! ಯಜಮಾನರು ಸಂತೋಷಕ್ಕೆ ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಮೇಷ್ಟ್ರ ಬರೆಯುವ ಕೆಲಸ ಕಂಪ್ಯೂಟರಿಗೆ ಬಂತು. ತಟ್ಟೆ ಎತ್ತಿ ಕೊಡುವ ಕೆಲಸ ಅವರಿಗೇ ಉಳಿಯಿತು, ಏಕೆಂದರೆ ಅದನ್ನು ತಪ್ಪಿಸಿದ್ದರೆ ರೈತರು ಸುಮ್ಮನಿರುತ್ತಿರಲಿಲ್ಲ. ಕೆಂಪು ಪುಸ್ತಕ ಮಾತ್ರ ಅವರ ಕಂಕುಳಲ್ಲೇ ಇರುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಮೇಷ್ಟ್ರು ಬಸ್ಸು ಹಿಡಿದು ಕೊಳ್ಳೇಗಾಲಕ್ಕೆ ಬಂದು, ನಮ್ಮ ಕ್ಲಾಸಿನ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಛತ್ರಿ ಒಳಗೆ ತರಬಹುದೋ ಇಲ್ಲವೋ ತಿಳಿಯದೆ ಅದನ್ನು ಹೊರಗೇ ಒರಗಿಸಿದರು. ಹದಿನೈದಿಪ್ಪತ್ತು ಮಕ್ಕಳು ಕೂತಿದ್ದರು. ಚೀಟಿಯೊಂದನ್ನು ನನ್ನ ಮುಂದಿಟ್ಟು, "ಅವ್ವ, ಮಂಗಳವಾರದ ತಂಡಕ್ಕೆ ಚೀಟೀಲಿ ಬುಧವಾರ ಅಂತ ಬತ್ತಾ ಅದೆ. ಚೀಟೀಲಿ ದಿನ ಮುಂದಕ್ಕೆ ಓಯ್ತದೆ. ಹುಳ ಓಯ್ತದಾ?" ಅಂದರು.

ಏನು ಕೇಳುತ್ತಿದ್ದಾರೆ ಎಂದು ಒಂದು ನಿಮಿಷ ಯೋಚಿಸಿದ್ದರೆ ಸಾಕಿತ್ತು. ಮಕ್ಕಳ ಮುಂದೆ ನನ್ನ ತಪ್ಪು ಎತ್ತಿ ಆಡುತ್ತಿದ್ದಾರೆ ಅನ್ನುವುದಷ್ಟೇ ನನ್ನ ತಲೆಗೆ ಹೋದದ್ದು.

"ಮೇಷ್ಟ್ರೇ, ನೀವು ಬರೆಯೋ ಕಾಲ ಮುಗೀತು. ಮನೇಲಿ ಆರಾಮಾಗಿ ಕೂತ್ಕೊಳ್ಳಿ," ಅಂದುಬಿಟ್ಟೆ.

ಮಕ್ಕಳು ಕಿಸಕ್ಕನೆ ನಕ್ಕರು. ಮೇಷ್ಟ್ರೂ ನಗಲು ನೋಡಿದರು, ಆಗಲಿಲ್ಲ. "ಬತ್ತೀನವ್ವ," ಅಂತ ಹೇಳಿ ಮೆಟ್ಟಿಲಿಳಿದರು. ಛತ್ರಿ ಮರೆತು ಹೋಗಿದ್ದರು, ಮತ್ತೆ ಹತ್ತಿ ಬಂದು ನನ್ನ ಕಡೆ ನೋಡದೆ ತಕೊಂಡು ಹೋದರು.

ಸಂಜೆ ಮಕ್ಕಳೆಲ್ಲ ಹೋದ ಮೇಲೆ ಪ್ರೋಗ್ರಾಮ್ ತೆಗೆದು ನೋಡಿದೆ. ಹುಡುಕುವುದೇ ಬೇಕಾಗಲಿಲ್ಲ. ಮಂಗಳವಾರ ಬರುವಂತಿದ್ದರೆ ಮೇಷ್ಟ್ರು ಮೊಟ್ಟೆಯನ್ನೇ ಒಂದು ದಿನ ಹೆಚ್ಚಿಗೆ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು, ತಡವಾಗಿ ಒಡೆಸುತ್ತಿದ್ದರು. ಹಾಗಾಗಿ ಹುಳ ಜ್ವರಕ್ಕೆ ಹೋಗುವುದೂ ಒಂದು ದಿನ ಮುಂದಕ್ಕೆ ಬೀಳುತ್ತಿತ್ತು. ಬೆರಳೆತ್ತಿ ಹೇಳಲು ಹೊರಟದ್ದು ಅದನ್ನೇ. ನಾನು ಮೊಟ್ಟೆಯ ದಿನವನ್ನು ಮುಟ್ಟಿರಲೇ ಇಲ್ಲ, ಚೀಟಿಯ ದಿನವನ್ನಷ್ಟೇ ಮುಂದಕ್ಕೆ ತಳ್ಳಿದ್ದೆ. ಹುಳ ಮಂಗಳವಾರ ರಾತ್ರಿಯೇ ಎದ್ದು, ಬುಧವಾರ ವ್ಯಾನು ಬರುವವರೆಗೂ ಉಪವಾಸ. ಗೋಡೆಗೆ ಅಂಟಿಸಿದ ನನ್ನ ಶೀಟಿನಲ್ಲಿ ಅವು ಇನ್ನೂ ಜ್ವರದಲ್ಲಿವೆ ಎಂದಿರುವಾಗ ಕೆಲಸದ ಹೆಂಗಸರು ಸೊಪ್ಪು ಹಾಕುವುದಾದರೂ ಹೇಗೆ? ಹಾಕಲೇ ಎಂದು ಅವರು ಕೇಳಿದ್ದರಂತೆ. ಯಜಮಾನರು ಶೀಟು ತೋರಿಸಿದರಂತೆ.

ಸರಿಮಾಡಲು ಬೇಕಿದ್ದದ್ದು ಒಂದು ಸಾಲು. ಮಾರನೆಯ ದಿನವೇ ಹೋಗಬಹುದಿತ್ತು. ಆದರೆ ಅವತ್ತು ಯಜಮಾನರು ಬೇರೆ ಕೇಂದ್ರದವರನ್ನು ಕರೆಸಿ ನನ್ನ ಪ್ರೋಗ್ರಾಮ್ ತೋರಿಸುವವರಿದ್ದರು. ಅವರ ಮುಂದೆ ಪ್ರೋಗ್ರಾಮ್ ಬಿಚ್ಚಿಕೊಂಡು ಕೂರುವುದೇ? ಮೇಷ್ಟ್ರು ಹೇಳಿದ್ದೇ ಸರಿ ಅನ್ನುವುದೇ? ಮುಂದಿನ ವಾರ ಹೋದಾಗ ಸದ್ದಿಲ್ಲದೆ ತಿದ್ದಿದರಾಯಿತು ಅಂದುಕೊಂಡೆ. ಮುಂದಿನ ವಾರ ಕ್ಲಾಸಿನಲ್ಲಿ ಪರೀಕ್ಷೆ. ಅದರ ಮುಂದಿನ ವಾರ ನಾನು ಹೋದ ದಿನ ಕರೆಂಟು ಇರಲಿಲ್ಲ, ನಿಜ ಹೇಳಬೇಕೆಂದರೆ ಕರೆಂಟು ಇಲ್ಲ ಎಂದು ತಿಳಿದೇ ಹೋಗಿದ್ದೆ. ಅಷ್ಟರಲ್ಲಿ ಇನ್ನೂ ಎರಡು ಮಂಗಳವಾರದ ತಂಡ ಹನೂರಿನ ಕಡೆಗೆ ಹೋಗಿತ್ತು.

ಈ ತಪ್ಪಿನ ದರಿದ್ರವೇ ಅದು. ಕಂಪ್ಯೂಟರ್ ಕೆಟ್ಟು ನಿಲ್ಲಲಿಲ್ಲ, ಕೆಂಪಕ್ಷರದಲ್ಲಿ ಏನನ್ನೂ ಕೂಗಿ ಹೇಳಲಿಲ್ಲ. ಚೀಟಿ ನೀಟಾಗಿ ಅಚ್ಚಾಗಿ ಬರುತ್ತಿತ್ತು. ತಪ್ಪು ಹೊರಗೆ ಬಂದದ್ದು ಮೂರು ವಾರ ಕಳೆದ ಮೇಲೆ, ಯಾರದೋ ಮನೆಯಲ್ಲಿ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ, ಜಳ್ಳು ಗೂಡಾಗಿ. ಅಷ್ಟು ಹೊತ್ತಿಗೆ ಅದಕ್ಕೆ ಕಾರಣಗಳು ಬೇಕಾದಷ್ಟಿದ್ದವು: ಬಿಸಿಲು, ಪಕ್ಕದ ಹೊಲದವರು ಹೊಡೆದ ಔಷಧಿ, ಯಾರದೋ ದೃಷ್ಟಿ. ಆ ವರ್ಷ ಬಿಸಿಲೂ ಜಾಸ್ತಿಯೇ ಇತ್ತು. ಎಲ್ಲ ನಷ್ಟವೂ ನನ್ನಿಂದಲೇ ಆಗಿರಲಿಕ್ಕಿಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ಮಾತು ನನಗೆ ತೀರಾ ಅನುಕೂಲವಾದದ್ದು, ಅದಕ್ಕೇ ಅದರ ಮೇಲೆ ನನಗೆ ನಂಬಿಕೆಯಿಲ್ಲ.

ಪ್ರಿಂಟರಿಗೆ ಹೊಸ ರಿಬ್ಬನ್ ಹಾಕಲು ಕೇಂದ್ರಕ್ಕೆ ಹೋಗಿದ್ದ ದಿನ ಶಾಗ್ಯದಿಂದ ಒಬ್ಬ ಹೆಂಗಸು ಬಂದಳು. ಜೊತೆಗೆ ಹನೂರಿನ ಕಡೆಯ ನಾಲ್ಕೈದು ಜನ ರೈತರು. ಅವಳ ಮಂಕರಿಯ ತುಂಬ ಗೂಡು. ಮೇಷ್ಟ್ರು ತಟ್ಟೆ ಒರೆಸುತ್ತಾ ನಿಂತಿದ್ದರು. ಅವಳು ಒಂದು ಹಿಡಿ ಗೂಡು ತೆಗೆದು ಅವರ ಎದೆಯ ಮೇಲೆ ಎಸೆದಳು. ಅವು ಎಷ್ಟು ಜಳ್ಳಾಗಿದ್ದವೆಂದರೆ ನೆಲಕ್ಕೆ ಬಿದ್ದರೂ ಸದ್ದಾಗಲಿಲ್ಲ.

"ಎಲ್ಡು ಸಲ ಆಯ್ತು ಮೇಷ್ಟ್ರೇ! ತಿಂಗ್ಳೆಲ್ಲ ಸೊಪ್ಪು ಕುಯ್ದು ಕುಯ್ದು ನನ್ ಕೈ ನೋಡಿ ಎಂಗಾಗವೆ! ನಿಮ್ ಕೈಲೇ ಇಸ್ಕಂಡೋದ್ನಲ್ಲ ನಾನು. ಇದೇನಾ ನಿಮ್ ಕೈಗುಣ?"

"ನಮ್ದೂ ಅಂಗೇ ಆಗದೆ," ಅಂದರು ಹಿಂದಿದ್ದವರು.

ಮೇಷ್ಟ್ರು ಗೂಡುಗಳನ್ನು ನೋಡಿದರು. ಯಜಮಾನರ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಮಂಗಳವಾರದ ಚೀಟೀಲಿ ತಪ್ಪು ಅದೆ ಯಜಮಾನ್ರೇ. ಆ ಅವ್ವಂಗೂ ಓಗಿ ಯೋಳ್ಬಂದೆ," ಅಂದರು.

ಎಲ್ಲರೂ ನನ್ನ ಕಡೆ ನೋಡಿದರು. ರಿಬ್ಬನ್ನಿನ ಮಸಿ ನನ್ನ ಬೆರಳಿಗೆಲ್ಲ ಹತ್ತಿತ್ತು.

"ಏನವ್ವ, ಕಂಪ್ಯೂಟರ್ನಲ್ಲಿ ತಪ್ಪು ಅದಾ?" ಯಜಮಾನರು ಕೇಳಿದರು.

ದೇವರಾಣೆ, ಹೌದು ಅನ್ನಲು ಬಾಯಿ ತೆರೆದಿದ್ದೆ. ಹೌದು ಅಂದರೆ ಯಾವಾಗ ಗೊತ್ತಾಯಿತು ಅನ್ನುತ್ತಾರೆ. ತಿಂಗಳ ಮೇಲಾಯಿತು ಅನ್ನಬೇಕು.

"ಇಲ್ಲ ಸಾ. ದಿನ ಎಲ್ಲ ಸರಿಯಾಗೇ ಇದೆ," ಅಂದೆ.

ಮೇಷ್ಟ್ರು ನನ್ನನ್ನು ನೋಡಿದರು. ಶಾಲೆಯಲ್ಲಿ ಸುಳ್ಳು ಹೇಳಿದ ಮಗುವನ್ನು ನೋಡುವ ಹಾಗೆ. ಬೇರೆ ಯಾರಿಗೂ ಆ ನೋಟ ಕಂಡಿರಲಾರದು.

"ಕಂಪ್ಯೂಟರ್ ಬಂದಾಗಿಂದ ನಿಮ್ಗ ಒಟ್ಟೆಉರಿ ಮೇಷ್ಟ್ರೇ," ಅಂದರು ಯಜಮಾನರು. "ತಟ್ಟೆ ಮುಟ್ಟೋ ಕೈಲಿ ಅಸೂಯೆ ಇಟ್ಕಂಡ್ರೆ ಬೆಳೆ ಎಂಗ್ ಬಂದದು? ನಾಳಿಂದ ನೀವು ಬರೋದು ಬ್ಯಾಡ."

ಮೇಷ್ಟ್ರು ಒರೆಸುತ್ತಿದ್ದ ತಟ್ಟೆಯನ್ನು ಪೂರ್ತಿ ಒರೆಸಿ ಸ್ಟ್ಯಾಂಡಿಗೆ ಇಟ್ಟರು. ಕೆಂಪು ಪುಸ್ತಕವನ್ನು ಮೇಜಿನ ಮೇಲಿಟ್ಟು, ಛತ್ರಿ ತಕೊಂಡು ಹೊರಟರು. ಅವತ್ತು ಛತ್ರಿ ಮರೆಯಲಿಲ್ಲ. ಪ್ರಿಂಟರ್ ಅಲುಗಾಡುತ್ತದೆ ಎಂದು ಯಜಮಾನರು ಆ ಪುಸ್ತಕವನ್ನು ಅದರ ಕೆಳಗೆ ಇಟ್ಟರು.

ಮಾರನೆಯ ದಿನ ನಾನು ಹೋಗಿ ಆ ಸಾಲನ್ನು ತಿದ್ದಿದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ರಿಂಟ್ ತೆಗೆದು ನೋಡಿದ್ದೂ ಸೇರಿ ಹತ್ತು ನಿಮಿಷ.

ಇನ್ನಾದರೂ ಅನ್ಯಾಯ ನಿಂತಿತಲ್ಲ ಅಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಮುಂದಿನ ಬೆಳೆ ಎಲ್ಲರಿಗೂ ಚೆನ್ನಾಗಿ ಬಂತು. ಬಂದದ್ದೇ ತಡ, "ನೋಡುದ್ರಾ, ಮೇಷ್ಟ್ರು ಓದ್ರು, ಪೀಡೆ ಓಯ್ತು," ಅಂತ ಜನ ಅಂದುಕೊಂಡರು. ಅದುವರೆಗೆ ಅವರ ಪರವಾಗಿದ್ದವರೂ ಈಗ ದೂರ ಸರಿದರು. ನಾನು ಬಾಯಿ ಮುಚ್ಚಿಕೊಂಡು ತಪ್ಪು ತಿದ್ದಿದ್ದರಿಂದಲೇ ಮೇಷ್ಟ್ರ ಮೇಲಿನ ಆಪಾದನೆ ಗಟ್ಟಿಯಾಯಿತು. ತಿದ್ದದೆ ಬಿಟ್ಟಿದ್ದರೆ ಬೆಳೆ ಮತ್ತೆ ಕೆಟ್ಟು, ಇದು ಅವರ ಕೈಯಿಂದಲ್ಲ ಎಂದಾದರೂ ತಿಳಿಯುತ್ತಿತ್ತು. ಇಂಥ ಪಾಠವನ್ನು ಯಾವ ಕಂಪ್ಯೂಟರ್ ಕ್ಲಾಸಿನಲ್ಲೂ ಹೇಳಿಕೊಡುವುದಿಲ್ಲ.

ನನ್ನ ಕ್ಲಾಸಿಗೆ ಹೊನ್ನೂರಿನಿಂದ ಒಬ್ಬಳು ಬರುತ್ತಿದ್ದಳು. ಊರಿನ ಸುದ್ದಿ ಹೇಳುತ್ತಾ, "ಈ ಸಲ ಒಟ್ಲಿಗೆ ಬೀಜ ಹಾಕಕ್ಕೆ ಮೇಷ್ಟ್ರನ್ನ ಯಾರೂ ಕರೀಲಿಲ್ಲ ಮೇಡಂ. ಅವರೇ ಬದು ಮೇಲೆ ಬಂದು ನಿಂತಿದ್ರು, ನಮ್ಮ ದೊಡ್ಡಪ್ಪ ಕಂಡೂ ಕಾಣದ ಹಾಗೆ ಇದ್ಬಿಟ್ರು," ಅಂದಳು. ನಾನು ಬೋರ್ಡಿನ ಕಡೆ ತಿರುಗಿ ಏನೋ ಬರೆದೆ.

ಯಜಮಾನರ ವ್ಯವಹಾರವೂ ಉಳಿಯಲಿಲ್ಲ. ಹನೂರಿನ ಕಡೆಯವರು ಬೇರೆ ಕೇಂದ್ರ ಹಿಡಿದಿದ್ದರು, ಬೆಳೆ ಸರಿಯಾಯಿತು ಎಂದು ಹೇಳಿ ಕಳಿಸಿದರೂ ಬರಲಿಲ್ಲ. ಎರಡನೇ ಶೆಡ್ಡು ಮುಚ್ಚಿತು, ಅಲ್ಲಿದ್ದ ಹೆಂಗಸರು ಕಬ್ಬು ಕಡಿಯಲು ಹೋದರು. "ಆ ಮೇಷ್ಟ್ರಿಂದ ನನ್ನ ಅರ್ಧ ವ್ಯಾಪಾರ ಓಯ್ತು ಕಣವ್ವ," ಅಂತ ಯಜಮಾನರು ಎಷ್ಟು ಸಲ ಹೇಳಿದರೋ. ನಾನು ಅವರ ಮನೆಯ ಕಾಫಿ ಕುಡಿಯುತ್ತಾ ಕೇಳಿಸಿಕೊಂಡೆ. ಥೂ ನನ್ನ ಜನ್ಮಕ್ಕಿಷ್ಟು!

ಎರಡು ಸಾವಿರದ ನಾಲ್ಕರಲ್ಲಿ ಅವರು ಕೇಂದ್ರವನ್ನೇ ಮುಚ್ಚಿದರು. ಹಳೇ ಕಂಪ್ಯೂಟರನ್ನು ಕ್ಲಾಸಿಗೆ ಇಟ್ಟುಕೋ ಎಂದು ಕರೆದರು. ಪ್ರಿಂಟರ್ ಎತ್ತಿದಾಗ ಕೆಳಗೆ ಕೆಂಪು ಪುಸ್ತಕ. ಸುಮ್ಮನೆ ತೆರೆದೆ. ಬರೆಯುವ ಕಾಲ ಮುಗಿಯಿತು ಎಂದು ನಾನು ಹೇಳಿದ ಮೇಲೂ ಮೇಷ್ಟ್ರು ಬರೆಯುತ್ತಲೇ ಇದ್ದರು. ಒಂದೊಂದು ಮಂಗಳವಾರದ ತಂಡದ ಮುಂದೆಯೂ ಮೊಟ್ಟೆಯ ಸರಿಯಾದ ದಿನವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಪಕ್ಕದಲ್ಲಿ ಆ ಹುಳ ಹೋದ ಊರು, ಮನೆ. ಕೊನೆಯ ಸಾಲಿನಲ್ಲಿ ಶಾಗ್ಯದ ಆ ಹೆಂಗಸಿನ ಮನೆಯೂ ಇತ್ತು. ಸಾಕ್ಷಿಯನ್ನು ಮೇಜಿನ ಮೇಲೆಯೇ ಇಟ್ಟುಹೋಗಿದ್ದರು. ನಾಲ್ಕು ವರ್ಷ ಅದರ ಮೇಲೆ ನನ್ನ ಪ್ರಿಂಟರ್ ಕೂತಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಯಜಮಾನರಿಗೆ ಅಲ್ಲೇ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಖಾಲಿ ಸ್ಟ್ಯಾಂಡುಗಳ ಕಡೆ ನೋಡುತ್ತಾ, "ಅವತ್ತು ಕೇಳ್ದಾಗ ಯೋಳ್ಬಾರ್ದಾಗಿತ್ತಾ?" ಅಂದರು, ಅಷ್ಟೇ.

ಮಾರನೆಯ ದಿನ ಪುಸ್ತಕ ಹಿಡಿದು ಹೊನ್ನೂರಿಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ತುಂಬ ಇಳಿದುಹೋಗಿದ್ದರು. ಅವರ ಹೆಂಡತಿ ನನಗೂ ಅವರಿಗೂ ಕಾಫಿ ತಂದರು. ಮೇಷ್ಟ್ರು ಲೋಟಕ್ಕೆ ಎಡಗೈ ಚಾಚಿದರು. ಬಲಗೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು. "ಓದ್ ವರ್ಷ ಲಕ್ವ ಒಡೀತು. ಎಡಗೈಲಿ ತಕತೀನಿ, ಬ್ಯಾಸರ ಮಾಡ್ಕಬ್ಯಾಡ ಕಣವ್ವ," ಅಂದರು.

ನಾನು ಬಾಯಿಪಾಠ ಒಪ್ಪಿಸುವವಳ ಹಾಗೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ, ಅವರ ಕಾಲಿಗೆ ಬಿದ್ದೆ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಬೆಳೆ ಸರಿ ಬಂತು ಅಂದಾಗ್ಲೇ ನೀನು ತಿದ್ದಿದ್ದೀಯ ಅಂತ ತಿಳೀತು. ಇವತ್ತು ಬತ್ತಾಳೆ, ನಾಳೆ ಬತ್ತಾಳೆ ಅಂತಿದ್ದೆ," ಅಂದರು. ಲೋಟ ಕೆಳಗಿಟ್ಟು, "ಈಗ ನಂಗ್ಯಾಕವ್ವ ಯೋಳ್ತೀಯ? ನಾನು ಮಾಡ್ನಿಲ್ಲ ಅಂತ ನಂಗ ಗೊತ್ತಿತ್ತಲ್ಲ. ಗೊತ್ತಿಲ್ದೋರ್ಗ ಓಗಿ ಯೋಳು."

ಕ್ಷಮಿಸಿದೆ ಅನ್ನಲಿಲ್ಲ, ಹಾಳಾಗಿ ಹೋಗು ಅಂತಲೂ ಅನ್ನಲಿಲ್ಲ. ಎರಡರಲ್ಲಿ ಯಾವುದನ್ನಾದರೂ ಪಡೆದು ಹಗುರಾಗಿ ಮನೆಗೆ ಹೋಗಬಹುದು ಎಂದು ನಾನು ಬಂದಿದ್ದೆ.

ಗೊತ್ತಿಲ್ಲದವರು ಯಾರು ಎಂಬುದು ಆ ಪುಸ್ತಕದಲ್ಲೇ ಇತ್ತು. ಪಟ್ಟಿಯಲ್ಲಿದ್ದ ಮನೆಗಳಲ್ಲಿ ಮೊದಲು ಶಾಗ್ಯಕ್ಕೆ ಹೋಗಬೇಕು ಅನ್ನಿಸಿತು. ಕೊಳ್ಳೇಗಾಲದಿಂದ ಹನೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿದೆ. ಆ ಹೆಂಗಸು ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ನೋಡಿದವಳೇ, "ಕಂಪ್ಯೂಟರಮ್ಮ ಅಲ್ವಾ? ಬನ್ನಿ ಬನ್ನಿ," ಅಂತ ಕರೆದು, ಮಣೆ ಹಾಕಿದಳು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಮಂಗಳವಾರ, ಮೊಟ್ಟೆ, ಚೀಟಿ, ಕೇಂದ್ರದಲ್ಲಿ ಹಸಿದುಕೊಂಡಿದ್ದ ಹುಳ. ಅವಳು ಅರ್ಧಕ್ಕೇ ಅರ್ಥಮಾಡಿಕೊಂಡಳು. ಹುಳ ಸಾಕುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಸರಿ ಮಾಡಕ್ಕ ಎಷ್ಟೊತ್ತು ಇಡೀತು?" ಕೇಳಿದಳು.

"ಹತ್ತು ನಿಮಿಷ."

"ಅತ್ತು ನಿಮ್ಸ." ಅವಳ ಕೈಯಲ್ಲಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. "ಅಯ್ಯೋ ಶಿವ್ನೇ! ಅಷ್ಟ್ ಜನದ್ ಮುಂದ ಅವ್ರ ಮ್ಯಾಲ ಗೂಡು ಎಸ್ದ್ನಲ್ಲ ನಾನು! ಕೈಗುಣ ಓಯ್ತು ಅಂತ ಊರ್ ಊರ್ಗೆಲ್ಲ ಯೋಳ್ಕಂಡ್ ಬಂದ್ನಲ್ಲ!"

ನನ್ನನ್ನು ಬಾಯಿಗೆ ಬಂದ ಹಾಗೆ ಬೈದಳು. ಅಪ್ಪ, ಅವ್ವ, ವಿದ್ಯೆ, ಯಾವುದನ್ನೂ ಬಿಡಲಿಲ್ಲ. ನನಗೆ ಯಾರಾದರೂ ಬೈಯಬೇಕಿತ್ತು, ನಿಂತು ಕೇಳಿಸಿಕೊಂಡೆ. ಬೈದು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು ಅವಳೇ ಒಂದು ತೀರ್ಮಾನಕ್ಕೆ ಬಂದಳು.

"ಈ ಬೆಳೆ ಇಳಿದ್ಮೇಲೆ ಒಸ ಉಳ ಬತ್ತದೆ. ನಾನೇ ಒನ್ನೂರ್ಗ ಓಗಿ, ತಪ್ಪಾಯ್ತು ಅಂತ ಕಾಲ್ ಕಟ್ಕಂಡು, ಮೇಷ್ಟ್ರುನ್ನ ಇಲ್ಗ ಕರ್ಕಬತ್ತೀನಿ. ಮೊದುಲ್ನೆ ತಟ್ಟೆ ಅವ್ರ ಕೈಲೇ ಇಡ್ಸ್ತೀನಿ. ಊರೆಲ್ಲ ನಿಂತ್ಕಂಡು ನೋಡ್ಲಿ!"

ನನ್ನ ಎದೆ ಒಂದು ಕ್ಷಣ ಹಗುರಾಯಿತು. ಆಮೇಲೆ ಜಗಲಿಯ ಮೇಲೆ ಲೋಟಕ್ಕೆ ಚಾಚಿದ ಎಡಗೈ ನೆನಪಾಯಿತು. ನಮ್ಮ ಕಡೆ ಬೀಜವನ್ನಾಗಲಿ ಹುಳವನ್ನಾಗಲಿ ಎಡಗೈಯಲ್ಲಿ ಯಾರೂ ಕೊಡುವುದಿಲ್ಲ, ಕೊಟ್ಟರೆ ಇಸಕೊಳ್ಳುವುದೂ ಇಲ್ಲ. ಇದನ್ನೂ ಹೇಳದೆ ಬಸ್ಸು ಹತ್ತಬಹುದಿತ್ತು. ಅವಳು ಹೊನ್ನೂರಿಗೆ ಹೋದಾಗ ತಾನೇ ನೋಡಿಕೊಳ್ಳುತ್ತಿದ್ದಳು.

"ಅವರ ಬಲಗೈಗೆ ಲಕ್ವ ಹೊಡೆದಿದೆ. ಎತ್ತೋಕೆ ಆಗಲ್ಲ," ಅಂದೆ.

ಅವಳು ಸೊಪ್ಪಿನ ಮಂಕರಿಯ ಪಕ್ಕ ಕೂತುಬಿಟ್ಟಳು. ಹುಳ ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು.

"ಯಾವಾಗ ಒಡ್ದಿದ್ದು?"

"ಹೋದ ವರ್ಷ."

"ಅದ್ಕು ಮುಂಚ ಮೂರು ವರ್ಸ ಆ ಕೈ ಚೆನ್ನಾಗೇ ಇತ್ತಲ್ವವ್ವ?"

"ಇತ್ತು," ಅಂದೆ.